ಈವನ್ ಸ್ಟಾರ್ಟ್: ಇಟ್ಟ ಗಂಟೆ, ಬಂದ ಗಂಟೆ

ಅಮೆರಿಕದ ಫೆಡರಲ್ ಸರ್ಕಾರದ ಈವನ್ ಸ್ಟಾರ್ಟ್ ಕುಟುಂಬ ಸಾಕ್ಷರತಾ ಯೋಜನೆ (ತಂದೆತಾಯಿಗೂ ಅವರ ಪುಟ್ಟ ಮಕ್ಕಳಿಗೂ ಒಟ್ಟಿಗೆ ಕಲಿಸುವುದು) ಶುರುವಾದದ್ದು 1989ರಲ್ಲಿ. ಆ ವರ್ಷ 76 ಕೇಂದ್ರಗಳಿಗೆ 1 ಕೋಟಿ 48 ಲಕ್ಷ ಡಾಲರ್ ಹಂಚಿದ್ದರು. 2001ರ ಹೊತ್ತಿಗೆ ವರ್ಷದ ಮಂಜೂರಾತಿ 25 ಕೋಟಿ ಡಾಲರಿಗೆ ಏರಿತ್ತು, ಎಂಟುನೂರಕ್ಕೂ ಹೆಚ್ಚು ಕಡೆ ಕೆಲಸ ನಡೆಯುತ್ತಿತ್ತು. 2011ರಲ್ಲಿ ಮಂಜೂರಾತಿ ಸೊನ್ನೆಗೆ ಬಂತು, ಅಲ್ಲಿಗೆ ಯೋಜನೆ ಮುಗಿಯಿತು.

ಸಾಕ್ಷರತಾ ಯೋಜನೆಗಳು ಹುಟ್ಟುವುದು, ಹಣ ನಿಂತು ಮುಚ್ಚಿಹೋಗುವುದು ಯಾವ ದೇಶದಲ್ಲೂ ಹೊಸದಲ್ಲ. ಆದರೆ ಹುಟ್ಟಿದ ದಿನದಿಂದಲೇ ಮೌಲ್ಯಮಾಪಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ರಾಷ್ಟ್ರೀಯ ಅಧ್ಯಯನಗಳಿಗೆ ಒಡ್ಡಿಕೊಂಡು, ಆ ವರದಿಗಳ ಹೆಸರಿನಲ್ಲೇ ಮುಚ್ಚಿದ ಯೋಜನೆ ಅಪರೂಪ. "ಕುಟುಂಬ ಸಾಕ್ಷರತೆ ಫಲ ಕೊಡುವುದಿಲ್ಲ ಎಂದು ಸಾಬೀತಾಯಿತು" ಎಂಬುದು ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು. ಕಾಗದಗಳನ್ನು ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ. ಅನುದಾನ ಕೊಂಡದ್ದು ಪಾಠದ ಗಂಟೆಗಳನ್ನು. ಆ ಗಂಟೆಗಳಿಗೆ ಕುಟುಂಬಗಳು ಬಂದು ಕೂರಬೇಕಾದರೆ ಏನೇನು ಬೇಕೋ ಅದಕ್ಕೆ ಹಣವೂ ಕಡಿಮೆ, ಅಧಿಕಾರವೂ ಕಡಿಮೆ. ಫಲಿತಾಂಶ ಬಹುಪಾಲು ಅಲ್ಲೇ ನಿರ್ಧಾರವಾಗಿತ್ತು.

ಎಲ್ಲಿಂದ ಬಂತು

ಮೂಲ ಕೆಂಟಕಿ ರಾಜ್ಯದ್ದು. 1986ರಲ್ಲಿ ಅಲ್ಲಿನ ಶಾಸನಸಭೆ 'ಪೇಸ್' ಎಂಬ ಕಾರ್ಯಕ್ರಮಕ್ಕೆ ಹಣ ಕೊಟ್ಟಿತು. ಹೈಸ್ಕೂಲು ಮುಗಿಸದ ತಂದೆತಾಯಿ ತಮ್ಮ ಮೂರು-ನಾಲ್ಕು ವರ್ಷದ ಮಗುವಿನೊಂದಿಗೆ ವಾರಕ್ಕೆ ಮೂರು ದಿನ ಶಾಲೆಗೇ ಬರಬೇಕು: ಮಗುವಿಗೆ ಒಂದು ಕೋಣೆ, ದೊಡ್ಡವರಿಗೆ ಪಕ್ಕದ ಕೋಣೆ, ನಡುವೆ ಒಂದಿಷ್ಟು ಹೊತ್ತು ಇಬ್ಬರೂ ಒಟ್ಟಿಗೆ. ಇದರ ಹಿಂದೆ ನಿಂತವರು ಶರೋನ್ ಡಾರ್ಲಿಂಗ್. 1988ರಲ್ಲಿ ಕೀನನ್ ಟ್ರಸ್ಟಿನ ಹಣದಿಂದ ಇದೇ ಮಾದರಿ ಕೆಂಟಕಿ ಮತ್ತು ನಾರ್ತ್ ಕ್ಯಾರೊಲಿನಾಗಳಲ್ಲಿ ನಡೆಯಿತು. ಮರುವರ್ಷ ಲೂಯಿವಿಲ್‌ನಲ್ಲಿ ರಾಷ್ಟ್ರೀಯ ಕುಟುಂಬ ಸಾಕ್ಷರತಾ ಕೇಂದ್ರ ತೆರೆಯಿತು.

ವಾಷಿಂಗ್ಟನ್ನಿನಲ್ಲಿ ಇದನ್ನು ಕೈಗೆತ್ತಿಕೊಂಡವರು ಸಂಸತ್ತಿನ ಪ್ರತಿನಿಧಿ ಸಭೆಯ ಪೆನ್ಸಿಲ್ವೇನಿಯದ ರಿಪಬ್ಲಿಕನ್ ಸದಸ್ಯ ವಿಲಿಯಂ ಗುಡ್ಲಿಂಗ್, ಹಿಂದೆ ಶಿಕ್ಷಕರೂ ಶಾಲಾ ಸೂಪರಿಂಟೆಂಡೆಂಟರೂ ಆಗಿದ್ದವರು. 1988ರ ಶಿಕ್ಷಣ ಕಾಯ್ದೆಯಲ್ಲಿ ಈವನ್ ಸ್ಟಾರ್ಟ್ ಸೇರಿತು, 2000ದಲ್ಲಿ ಅವರ ಹೆಸರನ್ನೇ ಯೋಜನೆಗೆ ಇಟ್ಟರು. ಮೊದಮೊದಲು ಫೆಡರಲ್ ಶಿಕ್ಷಣ ಇಲಾಖೆಯೇ ನೇರವಾಗಿ ಅನುದಾನ ಕೊಡುತ್ತಿತ್ತು. ಮಂಜೂರಾತಿ 5 ಕೋಟಿ ಡಾಲರ್ ದಾಟಿದರೆ ಹಂಚಿಕೆ ರಾಜ್ಯಗಳ ಕೈಗೆ ಎಂದು ಕಾಯ್ದೆಯಲ್ಲಿತ್ತು. ಅದರಂತೆ 1992ರಿಂದ ರಾಜ್ಯ ಶಿಕ್ಷಣ ಇಲಾಖೆಗಳೇ ಅರ್ಜಿ ಕರೆದು ಉಪ-ಅನುದಾನ ಕೊಡತೊಡಗಿದವು.

ಕಾಯ್ದೆ ಕೇಳಿದ್ದು

ಅರ್ಜಿ ಹಾಕಲು ಒಂದು ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಮತ್ತು ಒಂದು ಸಮುದಾಯ ಸಂಸ್ಥೆ, ಕಾಲೇಜು ಅಥವಾ ಅಂಥ ಇನ್ನೊಂದು ಸಂಸ್ಥೆ ಜೊತೆಯಾಗಲೇಬೇಕು, ಒಬ್ಬರೇ ಹಾಕುವಂತಿಲ್ಲ. ಕುಟುಂಬದಲ್ಲಿ ಹುಟ್ಟಿನಿಂದ ಏಳು ವರ್ಷದವರೆಗಿನ ಮಗು ಇರಬೇಕು, ತಂದೆ ಅಥವಾ ತಾಯಿ ವಯಸ್ಕರ ಶಿಕ್ಷಣಕ್ಕೆ ಅರ್ಹರಿರಬೇಕು. ಇನ್ನೂ ಶಾಲೆಯ ವಯಸ್ಸಿನಲ್ಲೇ ತಾಯಿಯಾದ ಹುಡುಗಿಯರಿಗೂ ಅವಕಾಶವಿತ್ತು. ಮಗುವಿನ ವಯಸ್ಸು ಮೊದಲು ಒಂದು ವರ್ಷದಿಂದ ಎಂದಿತ್ತು, 1991ರಲ್ಲಿ ಹುಟ್ಟಿನಿಂದಲೇ ಎಂದಾಯಿತು. ಕೇಂದ್ರ ನಡೆಸುವವರಿಗೆ ಇದು ಸಣ್ಣ ತಿದ್ದುಪಡಿಯಲ್ಲ: ಹಸುಗೂಸುಗಳ ಕೋಣೆಗೆ ಬೇರೆ ಸಲಕರಣೆ, ಬೇರೆ ಸಿಬ್ಬಂದಿ, ಬೇರೆ ಪರವಾನಗಿ ಬೇಕಾಗುತ್ತದೆ.

ಸೇವೆ ನಾಲ್ಕು ತುಂಡಿನದು. ಮಗುವಿಗೆ ಶಾಲಾಪೂರ್ವ ಶಿಕ್ಷಣ, ತಂದೆತಾಯಿಗೆ ವಯಸ್ಕರ ಶಿಕ್ಷಣ (ಓದು ಬರಹ, ಲೆಕ್ಕ, ಇಂಗ್ಲಿಷ್ ಕಲಿಕೆ, ಹೈಸ್ಕೂಲಿಗೆ ಸಮಾನವಾದ ಜಿಇಡಿ ಪರೀಕ್ಷೆಯ ತಯಾರಿ), ಮಕ್ಕಳ ಕಲಿಕೆಗೆ ನೆರವಾಗುವ ಬಗ್ಗೆ ತಂದೆತಾಯಿಗೆ ತರಬೇತಿ, ಮತ್ತು ಇಬ್ಬರೂ ಸೇರಿ ಮಾಡುವ ಓದಿನ ಚಟುವಟಿಕೆ. ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಅನುದಾನಕ್ಕೆ ಅರ್ಹತೆ ಇಲ್ಲ. 2002ರ ಜನವರಿಯಲ್ಲಿ ಸಹಿಯಾದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಹೊತ್ತಿಗೆ ಷರತ್ತುಗಳು 15 ಆಗಿದ್ದವು: ಮನೆಗೆ ಹೋಗಿ ಪಾಠ, ಬೇಸಿಗೆಯಲ್ಲೂ ಕೆಲಸ, ಸಿಬ್ಬಂದಿಗೆ ಪದವಿ, ಓದಿನ ಸಂಶೋಧನೆ ಆಧರಿಸಿದ ಪಾಠಕ್ರಮ, ಹೊರಗಿನವರಿಂದ ಸ್ಥಳೀಯ ಮೌಲ್ಯಮಾಪನ ಇತ್ಯಾದಿ.

ಈ 15ರಲ್ಲಿ ಎರಡು ಒಂದನ್ನೊಂದು ಎಳೆದಾಡುತ್ತಿದ್ದವು. ಅತಿ ಹೆಚ್ಚು ಅಗತ್ಯವಿರುವ ಕುಟುಂಬಗಳನ್ನೇ ಹುಡುಕಿ ಸೇರಿಸಿ ಎನ್ನುತ್ತದೆ ಒಂದು. ಸೇರಿದವರು ತಪ್ಪದೆ ಬರುವಂತೆ, ಗುರಿ ಮುಟ್ಟುವವರೆಗೆ ಉಳಿಯುವಂತೆ ನೋಡಿಕೊಳ್ಳಿ ಎನ್ನುತ್ತದೆ ಇನ್ನೊಂದು. ತೀರಾ ಬಡ ಕುಟುಂಬವೇ ಮನೆ ಬದಲಿಸುವುದು ಹೆಚ್ಚು, ಅವರ ಕಾರೇ ಕೆಡುವುದು, ಅವರ ಪಾಳಿಯೇ ವಾರ ವಾರ ಬದಲಾಗುವುದು. ಮೊದಲ ಷರತ್ತನ್ನು ಚೆನ್ನಾಗಿ ಪಾಲಿಸಿದ ಕೇಂದ್ರಕ್ಕೆ ಎರಡನೆಯದರಲ್ಲಿ ಅಂಕ ಹೋಗುತ್ತಿತ್ತು. 2000-01ರಲ್ಲಿ ಹೊಸದಾಗಿ ಸೇರಿದ ಕುಟುಂಬಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಬಡತನ ರೇಖೆಯ ಕೆಳಗಿದ್ದವು. ಅಂದರೆ ಕೇಂದ್ರಗಳು ಮೊದಲ ಷರತ್ತನ್ನು ನಿಷ್ಠೆಯಿಂದಲೇ ಪಾಲಿಸಿದ್ದವು.

ಅರ್ಜಿ ನೋಡುವ ರಾಜ್ಯ ಸಮಿತಿಯಲ್ಲಿ ಶಾಲಾಪೂರ್ವ ಶಿಕ್ಷಣ, ವಯಸ್ಕರ ಶಿಕ್ಷಣ ಮತ್ತು ಕುಟುಂಬ ಸಾಕ್ಷರತೆ ಬಲ್ಲವರು ತಲಾ ಒಬ್ಬರಾದರೂ ಇರಬೇಕಿತ್ತು. ಅನುದಾನದ ಒಂದು ಅವಧಿ ನಾಲ್ಕು ವರ್ಷ. ಉಪ-ಅನುದಾನ ಸಾಮಾನ್ಯವಾಗಿ 75,000 ಡಾಲರಿಗಿಂತ ಕಡಿಮೆ ಇರುವಂತಿಲ್ಲ. ಚಿಲ್ಲರೆ ಹಣ ಹಂಚಿ ಹೆಸರಿಗಷ್ಟೇ ಕೇಂದ್ರ ತೆರೆಯುವುದನ್ನು ತಡೆಯಲು ಇಟ್ಟ ನಿಯಮ ಇದು, ಒಳ್ಳೆಯ ನಿಯಮ.

ವರ್ಷ ವರ್ಷ ಏರುವ ವಂತಿಗೆ

ಇಡೀ ವಿನ್ಯಾಸದಲ್ಲಿ ಕೇಂದ್ರಗಳನ್ನು ಹೆಚ್ಚು ಕಾಡಿದ್ದು ವಂತಿಗೆಯ ಲೆಕ್ಕ. ಒಟ್ಟು ವೆಚ್ಚದಲ್ಲಿ ಫೆಡರಲ್ ಪಾಲು ಮೊದಲ ವರ್ಷ ಶೇ. 90ರವರೆಗೆ, ಎರಡನೆಯ ವರ್ಷ 80, ಮೂರನೆಯ ವರ್ಷ 70, ನಾಲ್ಕನೆಯ ವರ್ಷ 60, ಐದರಿಂದ ಎಂಟನೆಯ ವರ್ಷದವರೆಗೆ 50. ಮೊದಲು ಎಂಟು ವರ್ಷಕ್ಕೇ ಮುಗಿಯುತ್ತಿತ್ತು. 2000ದ ತಿದ್ದುಪಡಿ ಆ ಮಿತಿ ತೆಗೆದು, ಒಂಬತ್ತನೆಯ ವರ್ಷದಿಂದ 35 ಎಂದಿತು.

ವರ್ಷಕ್ಕೆ ಒಟ್ಟು 2 ಲಕ್ಷ ಡಾಲರ್ ಬೇಕಾಗುವ ಕೇಂದ್ರವನ್ನು ಲೆಕ್ಕಕ್ಕಾಗಿ ಊಹಿಸಿಕೊಳ್ಳಿ. ಮೊದಲ ವರ್ಷ ಊರಿನವರು ಹೊಂದಿಸಬೇಕಾದದ್ದು 20,000. ಕೋಣೆಯ ಬಾಡಿಗೆ ಮೌಲ್ಯ, ಶಾಲೆ ಬಿಟ್ಟುಕೊಟ್ಟ ಹಳೆಯ ಬೆಂಚು-ಮೇಜು, ಗ್ರಂಥಾಲಯದ ಪುಸ್ತಕ ತೋರಿಸಿದರೆ ಸಾಕು, ವಸ್ತುರೂಪದ ವಂತಿಗೆಗೆ ಅವಕಾಶವಿತ್ತು. ನಾಲ್ಕನೆಯ ವರ್ಷ 80,000. ಈಗ ಯಾರಾದರೂ ಒಬ್ಬ ಶಿಕ್ಷಕರ ಸಂಬಳ ಹೊರಬೇಕು. ಐದನೆಯ ವರ್ಷ 1 ಲಕ್ಷ, ಒಂಬತ್ತನೆಯ ವರ್ಷ 1,30,000. ಅನುಭವ ಬೆಳೆದಂತೆ, ಊರಿನ ಕುಟುಂಬಗಳಿಗೆ ಪರಿಚಯವಾದಂತೆ, ಕೈಗೆ ಬರುವ ಹಣ ಇಳಿಯುತ್ತದೆ. ಸಂಬಳ ಮಾತ್ರ ಏರುತ್ತದೆ. ಇದರ ಮೇಲೆ, ಮೇಲ್ವೆಚ್ಚವನ್ನು ಅನುದಾನಕ್ಕೆ ಹಚ್ಚುವಂತಿಲ್ಲ ಎಂಬ ನಿಯಮ ಬೇರೆ. ಲೆಕ್ಕಪತ್ರ ವಿಭಾಗದ ಕೆಲಸ, ಕಟ್ಟಡದ ವಿದ್ಯುತ್ತು ಇವೆಲ್ಲ ಶಾಲಾ ಜಿಲ್ಲೆಯ ತಲೆಗೆ.

ಸರ್ಕಾರದ ಲೆಕ್ಕಾಚಾರ ತಿಳಿಯದ್ದೇನಲ್ಲ: ಬೀಜದ ಹಣ ನಾವು ಕೊಡುತ್ತೇವೆ, ಆಮೇಲೆ ಊರೇ ನಡೆಸಲಿ. ಶ್ರೀಮಂತ ಶಾಲಾ ಜಿಲ್ಲೆಯಲ್ಲಿ ಅದು ನಡೆದೀತು. ಆದರೆ ಅತಿ ಬಡವರಿಗಾಗಿಯೇ ಇರುವ ಯೋಜನೆ ಹೋಗುವುದು ಆಸ್ತಿ ತೆರಿಗೆ ಕಡಿಮೆ ಹುಟ್ಟುವ ಜಿಲ್ಲೆಗಳಿಗೆ. ಅಲ್ಲಿ ಹಣ ಹೊಂದದ ಕೇಂದ್ರ ಕೈಹಾಕುವುದು ಎಲ್ಲಿಗೆ? ಮೊದಲು ವಾಹನಕ್ಕೆ, ಆಮೇಲೆ ಬೇಸಿಗೆಯ ತರಗತಿಗೆ, ಆಮೇಲೆ ಮನೆಭೇಟಿಗೆ. ಹಾಜರಿಯನ್ನು ಹಿಡಿದಿಟ್ಟಿದ್ದ ಮೂರೂ ಮೊದಲು ಹೋಗುತ್ತವೆ. ವಂತಿಗೆಯನ್ನು ರಾಜ್ಯ ಮನ್ನಾ ಮಾಡಬಹುದಿತ್ತು, ಆದರೆ ಅದು ಕೇಳಿ ಪಡೆಯಬೇಕಾದ ವಿನಾಯಿತಿ.

ತರಗತಿಯೊಳಗೆ

ನಾಲ್ಕು ತುಂಡುಗಳಲ್ಲಿ ಕುಟುಂಬ ಸಾಕ್ಷರತೆಗೇ ಮೀಸಲಾದದ್ದು ಕೊನೆಯದು, ತಾಯಿ-ಮಗು ಜೊತೆಗೂಡುವ ಹೊತ್ತು. ಸರಿಯಾಗಿ ನಡೆದರೆ ಅದು ಹೀಗಿರುತ್ತದೆ: ಮುಕ್ಕಾಲು ಗಂಟೆ, ಚಟುವಟಿಕೆ ಆರಿಸುವುದು ಮಗು, ಹಿಂಬಾಲಿಸುವುದು ತಾಯಿ. ಚಿತ್ರದ ಪುಸ್ತಕ ತೆರೆದರೆ ತಾಯಿ ಪಠ್ಯವನ್ನು ಗಟ್ಟಿಯಾಗಿ ಓದಿ ಮುಗಿಸುವುದಲ್ಲ. "ಇದೇನು?" ಎಂದು ಕೇಳಿ ಕಾಯಬೇಕು. ಮಗು "ನಾಯಿ" ಎಂದರೆ "ಹೌದು, ಒದ್ದೆಯಾದ ನಾಯಿ, ಮೈ ಕೊಡವುತ್ತಿದೆ" ಎಂದು ಒಂದೆರಡು ಮಾತು ಸೇರಿಸಬೇಕು. ಮತ್ತೆ ಮಗುವಿನ ಬಾಯಲ್ಲಿ ಆ ಮಾತು ಬರುವಂತೆ ಮಾಡಬೇಕು. ಇದಕ್ಕೆ ಹಿಂದಿನ ದಿನದ ತರಬೇತಿ ಅವಧಿಯಲ್ಲಿ ಶಿಕ್ಷಕಿ ಮಾಡಿ ತೋರಿಸಿರಬೇಕು, ಜೊತೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ನೋಡಬೇಕು, ಆಮೇಲೆ ತಾಯಿಯೊಂದಿಗೆ ಮಾತಾಡಬೇಕು. ಹಾಗಾಗಿ ವಯಸ್ಕರ ಶಿಕ್ಷಕಿಯೂ ಮಕ್ಕಳ ಶಿಕ್ಷಕಿಯೂ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕೂತು ಪಾಠ ಹೆಣೆಯಲೇಬೇಕು.

ಕೆಡುವುದು ಇಲ್ಲೇ. ಮಕ್ಕಳ ತರಗತಿ ಹೆಡ್ ಸ್ಟಾರ್ಟಿನದು (ಬಡ ಮಕ್ಕಳಿಗಾಗಿ ಇರುವ ಫೆಡರಲ್ ಶಾಲಾಪೂರ್ವ ಕಾರ್ಯಕ್ರಮ), ವಯಸ್ಕರ ತರಗತಿ ಸಮುದಾಯ ಕಾಲೇಜಿನದು, ಈವನ್ ಸ್ಟಾರ್ಟಿನ ಹಣ ನಡುವಿನ ಗೋಂದು. ಇಬ್ಬರ ಕೆಲಸದ ವೇಳೆ ಬೇರೆ, ಮೇಲಧಿಕಾರಿ ಬೇರೆ. ಒಟ್ಟಿಗೆ ಕೂರುವ ಒಂದು ಗಂಟೆಗೆ ಯಾರೂ ಸಂಬಳ ಇಟ್ಟಿಲ್ಲ. ಆಗ ಜೊತೆಗೂಡುವ ಹೊತ್ತು ಬಣ್ಣದ ಕಾಗದ ಕತ್ತರಿಸಿ ಅಂಟಿಸುವ ಹೊತ್ತಾಗುತ್ತದೆ. ಮಗು ಅಂಟು ಹಚ್ಚುತ್ತದೆ, ತಾಯಿ ಪಕ್ಕದ ತಾಯಿಯೊಂದಿಗೆ ಮಾತಾಡುತ್ತಾಳೆ, ಹಾಜರಿ ಹಾಳೆಯಲ್ಲಿ ಮುಕ್ಕಾಲು ಗಂಟೆ ಬೀಳುತ್ತದೆ. ಮಕ್ಕಳ ತರಗತಿಗಳು ನೋಡಲು ಚೆನ್ನಾಗಿದ್ದರೂ ಭಾಷೆ ಬೆಳೆಸುವ, ಯೋಚನೆ ಬೆಳೆಸುವ ಕೆಲಸಕ್ಕೆ ಸಾಕಷ್ಟು ಒತ್ತು ಸಿಕ್ಕಿಲ್ಲ ಎಂದು ಮೂರನೆಯ ರಾಷ್ಟ್ರೀಯ ವರದಿಯೂ ಗುರುತಿಸಿತು.

ಗಂಟೆಯ ಲೆಕ್ಕ

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, 36 ವಾರ: ಇಟ್ಟ ಗಂಟೆ 432. ಒಂದು ಕುಟುಂಬ ಎಂಟನೆಯ ವಾರ ಮುಗಿದ ಮೇಲೆ ಸೇರಿ, ಮೂವತ್ತನೆಯ ವಾರಕ್ಕೆ ಬಿಟ್ಟಿತು ಎನ್ನೋಣ. ಉಳಿದದ್ದು 22 ವಾರ, 264 ಗಂಟೆ. ನೂರಕ್ಕೆ ಅರವತ್ತು ಹಾಜರಿ ಇದ್ದರೆ ಬಂದದ್ದು 158 ಗಂಟೆ. ಇದು ಉದಾಹರಣೆಯ ಲೆಕ್ಕ, ಆದರೆ ಅತಿಶಯೋಕ್ತಿ ಅಲ್ಲ. ಒದಗಿಸಿದ ಸೇವೆಯಲ್ಲಿ ಕುಟುಂಬಗಳು ಬಳಸಿಕೊಂಡದ್ದು ಸಣ್ಣ ಪಾಲು ಮಾತ್ರ ಎಂಬುದು ರಾಷ್ಟ್ರೀಯ ಅಧ್ಯಯನಗಳ ಮುಖ್ಯ ಶೋಧಗಳಲ್ಲಿ ಒಂದು. ನಮ್ಮ ಸಾಕ್ಷರ ಭಾರತ ಯೋಜನೆಯಲ್ಲಿ ಮೊದಲ ಹಂತದ ಅಕ್ಷರ ಕಲಿಕೆಗೇ ಸುಮಾರು 300 ಗಂಟೆ ಎಂದು ಇಟ್ಟಿದ್ದರು. ಇಲ್ಲಿ ಅದರ ಅರ್ಧದಲ್ಲಿ ತಾಯಿಗೆ ಜಿಇಡಿ, ಮಗುವಿಗೆ ಶಾಲಾ ತಯಾರಿ, ಇಬ್ಬರಿಗೂ ಇಂಗ್ಲಿಷ್ ಆಗಬೇಕಿತ್ತು.

1996ರ ಕಲ್ಯಾಣ ನೆರವಿನ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ನಗದು ನೆರವು ಬೇಕಾದರೆ ಮೊದಲು ಕೆಲಸ. ಹೈಸ್ಕೂಲು ಮುಗಿಸದ ವಯಸ್ಕರ ಓದು ಕೆಲಸದ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯ ಮುಖ್ಯ ಕೆಲಸ ಮುಗಿದ ಮೇಲಷ್ಟೇ. ಶಾಲೆಗೆ ಹೋಗುವ ಎಳೆಯ ತಾಯಂದಿರಿಗೆ ಮಾತ್ರ ರಿಯಾಯಿತಿ. ಬೆಳಗಿನ ತರಗತಿಗೆ ಬರುತ್ತಿದ್ದ ತಾಯಿ ಈಗ ಹೋಟೆಲಿನ ಕೋಣೆ ಗುಡಿಸುವ ಕೆಲಸದಲ್ಲಿ. ಕೇಂದ್ರಗಳು ಸಂಜೆ ತರಗತಿ ಇಟ್ಟವು. ಸಂಜೆಗೆ ಮೂರು ವರ್ಷದ ಮಗು ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ, ನಿದ್ದೆಗೆ ಬಿದ್ದಿರುತ್ತದೆ. ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ತಾಯಿಯ ಒಂದೇ ಬೆಳಗಿಗೆ ಪೈಪೋಟಿ ನಡೆಸಿದವು, ಗೆದ್ದದ್ದು ನೆರವಿನ ಚೆಕ್ಕು ಕೈಯಲ್ಲಿದ್ದ ಇಲಾಖೆ.

ಚೀಟಿ ಎತ್ತಿ ಮಾಡಿದ ಅಧ್ಯಯನ

ಮೊದಲ ಮೌಲ್ಯಮಾಪನದ ಒಳಭಾಗವಾಗಿ ಐದು ಕೇಂದ್ರಗಳಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ್ದರು. ಜಿಇಡಿ ಪಡೆದ ತಂದೆತಾಯಿ ಈವನ್ ಸ್ಟಾರ್ಟ್ ಗುಂಪಿನಲ್ಲಿ ಹೆಚ್ಚಿದ್ದರು. ಮಕ್ಕಳು ಆರಂಭದಲ್ಲಿ ಮುಂದಿದ್ದರು, ಆದರೆ ಹೋಲಿಕೆ ಗುಂಪಿನ ಮಕ್ಕಳು ಶಾಲೆಗೆ ಸೇರಿದ ಮೇಲೆ ಆ ಅಂತರ ಮುಚ್ಚಿತು.

ಯೋಜನೆಯ ಹಣೆಬರಹ ಬರೆದದ್ದು 2003ರಲ್ಲಿ ಹೊರಬಂದ ಮೂರನೆಯ ಅಧ್ಯಯನ. 18 ಕೇಂದ್ರ, 463 ಕುಟುಂಬ. ಮೂರರಲ್ಲಿ ಎರಡು ಪಾಲು ಕುಟುಂಬಗಳಿಗೆ ಕಾರ್ಯಕ್ರಮದಲ್ಲಿ ಜಾಗ, ಒಂದು ಪಾಲಿಗೆ ಒಂದು ವರ್ಷ ಕಾಯುವ ಸರದಿ. ಮಕ್ಕಳ ಭಾಷೆ ಮತ್ತು ಓದು, ದೊಡ್ಡವರ ಓದು, ತಾಯಿ-ಮಗುವಿನ ಒಡನಾಟ ಎಲ್ಲವನ್ನೂ ಮೊದಲು, ಆಮೇಲೆ, ಮತ್ತೆ ಒಂದು ವರ್ಷ ಬಿಟ್ಟು ಅಳೆದರು. ಈವನ್ ಸ್ಟಾರ್ಟ್ ಕುಟುಂಬಗಳು ಮುಂದೆ ಹೋಗಿದ್ದವು. ಹೊರಗೇ ಉಳಿದ ಕುಟುಂಬಗಳೂ ಅಷ್ಟೇ ಮುಂದೆ ಹೋಗಿದ್ದವು.

ಈ ಫಲಿತಾಂಶವನ್ನು ಅಲ್ಲಗಳೆಯಲು ಬರುವುದಿಲ್ಲ, ಅಧ್ಯಯನ ಅಚ್ಚುಕಟ್ಟಾದದ್ದು. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ನೋಡಬೇಕು. ಜಾಗ ಸಿಕ್ಕಿಯೂ ಸರಿಯಾಗಿ ಬಾರದ ಕುಟುಂಬಗಳೂ ಈವನ್ ಸ್ಟಾರ್ಟಿನ ಲೆಕ್ಕದಲ್ಲೇ ಇದ್ದವು. ಹೋಲಿಕೆ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಬೇರೆ ಕಡೆ ಶಾಲಾಪೂರ್ವ ಶಿಕ್ಷಣವನ್ನೋ ವಯಸ್ಕರ ಶಿಕ್ಷಣವನ್ನೋ ಪಡೆದಿದ್ದರು. ಕೇಂದ್ರಗಳು ತಾವಾಗಿ ಒಪ್ಪಿ ಬಂದವು. ಅವುಗಳ ಕುಟುಂಬಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು), ಇಡೀ ದೇಶದ ಯೋಜನೆಯಲ್ಲಿ ಆ ಪಾಲು ಅರ್ಧಕ್ಕಿಂತ ಕಡಿಮೆ. ಹಾಗಾಗಿ ಅಧ್ಯಯನ ಹೇಳಿದ್ದು ಇಷ್ಟೇ: ಈ ಪ್ರಮಾಣದ ಹಾಜರಿಯಲ್ಲಿ, ಈ ಗುಣಮಟ್ಟದ ಪಾಠದಲ್ಲಿ, ಊರಿನಲ್ಲಿ ಈಗಾಗಲೇ ಸಿಗುವುದಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ. ತೀರಾ ಕಡಿಮೆ ಸೇವೆ ಇರುವ ಹಳ್ಳಿಗಾಡಿನಲ್ಲಿ ಏನಾಗುತ್ತಿತ್ತು, ಇಟ್ಟ ಗಂಟೆಗಳಿಗೆ ಪೂರ್ತಿ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅದು ಕೇಳಿರಲಿಲ್ಲ.

ಪಾಠಕ್ರಮ ಉತ್ತಮಪಡಿಸಿದರೆ ಹೇಗೆ ಎಂದು 120 ಕೇಂದ್ರಗಳಲ್ಲಿ ಇನ್ನೊಂದು ಪ್ರಯೋಗ ನಡೆದು 2008ರಲ್ಲಿ ವರದಿ ಬಂತು. ತಂದೆತಾಯಿ ಮಕ್ಕಳಿಗೆ ಓದಿ ಹೇಳುವ ರೀತಿ ಸುಧಾರಿಸಿತ್ತು, ಮಕ್ಕಳ ಸಾಮಾಜಿಕ ನಡವಳಿಕೆಯೂ ಸುಧಾರಿಸಿತ್ತು. ಮಕ್ಕಳ ಭಾಷೆ ಮತ್ತು ಓದಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಅಷ್ಟು ಹೊತ್ತಿಗೆ ತಡವಾಗಿತ್ತು.

ಶ್ವೇತಭವನದ ಬಜೆಟ್ ಕಚೇರಿ 2002ರಲ್ಲೇ ಯೋಜನೆಗೆ 'ನಿಷ್ಫಲ' ಎಂಬ ದರ್ಜೆ ಕೊಟ್ಟಿತ್ತು. ಮಂಜೂರಾತಿ 2005ರಲ್ಲಿ 22.5 ಕೋಟಿ, 2006ರಲ್ಲಿ ಸುಮಾರು 10 ಕೋಟಿ, 2008ರ ಹೊತ್ತಿಗೆ 6.6 ಕೋಟಿ ಡಾಲರ್. ಬುಷ್ ಆಡಳಿತ ಕೈಬಿಡಿ ಎಂದಿತು, ಬಂದ ಮೇಲೆ ಒಬಾಮ ಆಡಳಿತವೂ ಅದನ್ನೇ ಹೇಳಿತು. 2011ರ ಮಾರ್ಚಿನ ತಾತ್ಕಾಲಿಕ ಬಜೆಟ್ಟಿನಲ್ಲಿ ಹೆಸರು ಹೋಯಿತು. 2015ರ ಶಿಕ್ಷಣ ಕಾಯ್ದೆಯಲ್ಲಿ ವಿಧಿಯೂ ಉಳಿಯಲಿಲ್ಲ.

ಈಗಿನ ದಾರಿ

ಕುಟುಂಬ ಸಾಕ್ಷರತೆಗೆ ಈಗ ಫೆಡರಲ್ ಹಣ ಸಿಗುವ ಮುಖ್ಯ ಬಾಗಿಲು 2014ರ ಉದ್ಯೋಗಪಡೆ ಕಾಯ್ದೆಯ ಎರಡನೆಯ ಭಾಗ, ವಯಸ್ಕರ ಶಿಕ್ಷಣ ಮತ್ತು ಕುಟುಂಬ ಸಾಕ್ಷರತಾ ಅನುದಾನ. ರಾಜ್ಯಕ್ಕೆ ಬಂದ ಹಣದಲ್ಲಿ ಶೇ. 82.5ಕ್ಕೆ ಕಡಿಮೆಯಾಗದಂತೆ ಸ್ಥಳೀಯ ಸಂಸ್ಥೆಗಳಿಗೆ ಸ್ಪರ್ಧೆಯ ಮೂಲಕ ಹೋಗುತ್ತದೆ. ರಾಜ್ಯ ತನ್ನ ಕಡೆಯಿಂದ ಒಟ್ಟು ವೆಚ್ಚದ ಶೇ. 25 ಹಾಕಬೇಕು. ಸಂಸ್ಥೆ ಆಡಳಿತಕ್ಕೆ ಸಾಮಾನ್ಯವಾಗಿ ಶೇ. 5ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಹೆಸರಿನಲ್ಲಿ ಕುಟುಂಬ ಇದ್ದರೂ ಕುಟುಂಬ ಸಾಕ್ಷರತೆ ಇಲ್ಲಿ ಕಡ್ಡಾಯವಲ್ಲ, ಮಾಡಬಹುದಾದ ಹಲವು ಚಟುವಟಿಕೆಗಳಲ್ಲಿ ಒಂದು. ಮಾಡುವುದಾದರೆ ಹಳೆಯ ನಾಲ್ಕು ತುಂಡುಗಳೂ ಇರಬೇಕು.

ಅರ್ಜಿ ಬರೆಯುವವರು ಎಡವುವ ಜಾಗಗಳು ಎರಡು. ಹಿಂದಿನ ಕೆಲಸದ ಫಲವನ್ನು ಅಂಕಿಅಂಶದಲ್ಲಿ ತೋರಿಸಲಾಗದ ಸಂಸ್ಥೆಯ ಅರ್ಜಿ ಸ್ಪರ್ಧೆಯ ಒಳಗೇ ಬರುವುದಿಲ್ಲ. ಹೊಸ ಸಂಸ್ಥೆಯಾದರೆ ಬೇರೆ ಹಣದಲ್ಲಿ ನಡೆಸಿದ ತರಗತಿಗಳ ಪರೀಕ್ಷಾ ಅಂಕ, ಜಿಇಡಿ, ಉದ್ಯೋಗದ ದಾಖಲೆ ಮೊದಲೇ ಕೂಡಿಟ್ಟಿರಬೇಕು. ಎರಡನೆಯದು ಮಕ್ಕಳ ಖರ್ಚು. ಈ ಹಣ ವಯಸ್ಕರಿಗಾಗಿ ಇರುವುದು. ಕುಟುಂಬ ಸಾಕ್ಷರತೆಯ ಹೆಸರಿನಲ್ಲಿ ಮಕ್ಕಳ ಮೇಲೂ ಖರ್ಚು ಮಾಡಲು ಅವಕಾಶವಿದೆ, ಆದರೆ ಅದಕ್ಕೆ ಮೊದಲು ಬೇರೆ ಮೂಲದಿಂದ ಆ ಸೇವೆ ಹೊಂದಿಸಲು ಯತ್ನಿಸಿರಬೇಕು. ಹೆಡ್ ಸ್ಟಾರ್ಟಿಗೋ ಶಾಲಾ ಜಿಲ್ಲೆಗೋ ಬರೆದ ಪತ್ರ, ಬಂದ ಉತ್ತರ, ಒಪ್ಪಂದದ ಪ್ರತಿ ಕಡತದಲ್ಲಿ ಇಲ್ಲದಿದ್ದರೆ ಲೆಕ್ಕ ತಪಾಸಣೆಯಲ್ಲಿ ಆ ಖರ್ಚು ನಿಲ್ಲುವುದು ಕಷ್ಟ.

ಬಜೆಟ್ ಬರೆಯುವಾಗ ಇಟ್ಟ ಗಂಟೆಗೆ ಡಾಲರ್ ಎಷ್ಟು ಎಂದು ಭಾಗಿಸುವ ಬದಲು ಬಂದ ಗಂಟೆಗೆ ಎಷ್ಟು ಎಂದು ಭಾಗಿಸಿ ನೋಡುವುದು ಒಳ್ಳೆಯದು. ಮೇಲಿನ ಉದಾಹರಣೆಯಲ್ಲಿ 432ರ ಬದಲು 158 ಹಾಕಿದರೆ ಗಂಟೆಯ ಬೆಲೆ ಎರಡೂಮುಕ್ಕಾಲು ಪಟ್ಟಿಗೆ ಹತ್ತಿರ ಬರುತ್ತದೆ. ಆಗ ವಾಹನಕ್ಕೆ, ಹಸುಗೂಸಿನ ಕೋಣೆಗೆ, ತಪ್ಪಿಸಿದ ಮರುದಿನವೇ ಫೋನ್ ಮಾಡುವ ಒಬ್ಬರ ಅರ್ಧ ಸಂಬಳಕ್ಕೆ ಇಟ್ಟ ಹಣ ದುಬಾರಿ ಎನಿಸುವುದಿಲ್ಲ. ಫೆಡರಲ್ ವರದಿ ಪದ್ಧತಿಯಲ್ಲಿ ಕಲಿಕಾರ್ಥಿಯೊಬ್ಬರು ಲೆಕ್ಕಕ್ಕೆ ಸೇರುವುದು 12 ಗಂಟೆ ಪಾಠ ಮುಗಿಸಿದ ಮೇಲೆ. ಅದಕ್ಕೆ ಮೊದಲೇ ಬಿಟ್ಟವರು ಫಲಿತಾಂಶದ ಲೆಕ್ಕದಲ್ಲಿ ಕಾಣುವುದಿಲ್ಲ, ಅವರಿಗಾಗಿ ಬೇರೆ ಹಾಳೆ ಇಡಬೇಕು: ಹೆಸರು, ಕೊನೆಗೆ ಬಂದ ದಿನ, ಬಿಡಲು ಕಾರಣ, ಕೆಲಸದ ಪಾಳಿ, ಮನೆಯಿಂದ ಕೇಂದ್ರಕ್ಕೆ ಬಸ್ಸಿನ ವೇಳೆ.